ಮೂರು ಹಸಿರು ಸಸಿಗಳು

೨ ಮಾರ್ಚ್ ೧೯೯೮

ಪ್ರೀತಿಯ ದೊಡ್ಡಮ್ಮ,

ನೀನು ಹೆಣೆದು ಕಳಿಸಿದ ಕೈಗವಸು ತಲುಪಿತು. ಎಡಗೈಯದು ಬಲಗೈಯದಕ್ಕಿಂತ ಅರ್ಧ ಬೆರಳು ಉದ್ದ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಗಿಡಗಳಿರುವ ಗಾಜಿನ ಮನೆ ಬೆಚ್ಚಗಿದೆ, ನಾವು ಕೂತು ಬರೆಯುವ ಕೋಣೆಯ ಕಿಟಕಿ ಮಾತ್ರ ಸರಿಯಾಗಿ ಮುಚ್ಚುವುದಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕಿತ್ತು. ನಮ್ಮ ಬಳ್ಳಿಕೂಟದ ವಿಷಯ ಹೇಳಿದ್ದೆನಲ್ಲ. ಕುಂಬಳ, ಕರ್ಬೂಜ, ಸೌತೆ, ಕಲ್ಲಂಗಡಿಗಳ ವಂಶಗುಣ ಹುಡುಕುವವರೆಲ್ಲ, ಯಾವ ದೇಶದಲ್ಲೇ ಇರಲಿ, ಸೇರಿ ಮಾಡಿಕೊಂಡ ಕೂಟ. ಹೊಸ ಗುಣ ಕಂಡವರು ಅರ್ಧ ಪುಟದ ಟಿಪ್ಪಣಿ ಬರೆದು, ಜೊತೆಗೆ ಬೀಜವನ್ನೂ ಕೂಟಕ್ಕೆ ಒಪ್ಪಿಸಬೇಕು. ಯಾರು ಕೇಳಿದರೂ ಬೀಜ ಇಲ್ಲ ಅನ್ನಬಾರದು. ವರ್ಷಕ್ಕೊಮ್ಮೆ ಟಿಪ್ಪಣಿಗಳೆಲ್ಲ ಒಂದು ತೆಳ್ಳನೆ ಪುಸ್ತಕವಾಗುತ್ತವೆ. ಗುಣಗಳ ಪಟ್ಟಿ ಇಡಲು ಒಬ್ಬಾಕೆ ಇದ್ದಾರೆ. ಅವರ ಮುಖ ಕಂಡಿಲ್ಲ, ಕೈಬರಹದ ಲಕೋಟೆಗಳನ್ನಷ್ಟೇ ಕಂಡಿದ್ದೇನೆ.

ಇಪ್ಪತ್ತಾರು ವರ್ಷದ ಹಿಂದೆ ನಿಮ್ಮ ಸಂಶೋಧನಾ ತೋಟದ ಛತ್ರಿ ಸಾರ್ ಅದೇ ಪುಸ್ತಕದಲ್ಲಿ ಹಳದಿ ಎಲೆಯ ಎರಡು ಕರ್ಬೂಜಗಳ ಬಗ್ಗೆ ಬರೆದಿದ್ದರು. ಆ ಎರಡನ್ನು ಕೂಡಿಸಿ ಹೂ ಕಟ್ಟಿದವಳು ನೀನು. ಹೇಗೆ ಕಟ್ಟಿದೆ, ಮೊದಲಿನಿಂದ ಕೊನೆಯವರೆಗೆ, ನೆನಪಿದ್ದಷ್ಟು ಬರೆದು ಕಳಿಸುತ್ತೀಯಾ? ಒಬ್ಬರಿಗೆ ತೋರಿಸಬೇಕಾಗಿದೆ. ಅವಸರವಿಲ್ಲ.

ನಿನ್ನ ಮೂಗುಬೀಜ

೨೧ ಮಾರ್ಚ್ ೧೯೯೮

ಮೂಗುಬೀಜಕ್ಕೆ ದೊಡ್ಡಮ್ಮನ ಆಶೀರ್ವಾದ.

ಮೊಣಕಾಲು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಿನ್ನ ಕಾಗದವನ್ನು ನಿನ್ನಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೂರು ವರ್ಷದವಳಿದ್ದಾಗ ಕರ್ಬೂಜದ ಬೀಜ ಮೂಗಿಗೆ ತುರುಕಿಕೊಂಡು ಬೀದಿಯವರನ್ನೆಲ್ಲ ಓಡಿಬರುವಂತೆ ಮಾಡಿದವಳು ಈಗ ಬೀಜದ ವಿಜ್ಞಾನಿಯಾಗಿ ನನ್ನನ್ನೇ ಪಾಠ ಕೇಳುತ್ತಾಳೆ ಅಂದರೆ! ಯಾರಿಗೆ ತೋರಿಸುತ್ತೀ ಅಂತ ನೀನು ಬರೆಯದಿದ್ದರೂ ನನಗೆ ಹೊಳೆಯಿತು. ಛತ್ರಿ ಸಾರ್‌ಗೆ ಈ ವರ್ಷ ಎಂಬತ್ತು. ಕೂಟದವರೆಲ್ಲ ಸೇರಿ ಏನೋ ಸನ್ಮಾನ ಮಾಡುತ್ತಿದ್ದೀರಿ. ನಾನು ಬಾಯಿ ಬಿಡುವುದಿಲ್ಲ, ಧೈರ್ಯವಾಗಿರು.

ಬರೆದುಕೋ. ಆಗ ನಾನು ಸಂಶೋಧನಾ ತೋಟದಲ್ಲಿ ಕುಂಬಳದ ಹೊಲದವಳು. ಕರ್ಬೂಜದ ಹೊಲ ಅರ್ಧ ಮೈಲಿ ಆಚೆ, ಅಲ್ಲಿಗೆ ಬೇರೆಯವಳೇ ಇದ್ದಳು. ಶೋಕಿಯ ಹೆಂಗಸು. ತುರುಬಿನಲ್ಲಿ ಯಾವಾಗಲೂ ಒಂದು ಪುಟ್ಟ ಚಿಮಟ ಸಿಕ್ಕಿಸಿಕೊಂಡಿರುತ್ತಿದ್ದಳು, ಬೆಳ್ಳಿ ಪಿನ್ನು ಸಿಕ್ಕಿಸಿದ ಹಾಗೆ. ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ಅವಳು ಜ್ವರದಿಂದ ಮಲಗಿದಾಗ ಛತ್ರಿ ಸಾರ್ ಬಂದು, "ಒಂದು ವಾರ ಆ ಕಡೆ ನೋಡ್ಕೊಳ್ಳೇ, ಹೂ ಯಾರನ್ನೂ ಕಾಯಲ್ಲ" ಅಂದರು. ಬಿಸಿಲೇರಿದರೆ ಛತ್ರಿಯನ್ನು ತಮ್ಮ ತಲೆಗೆ ಹಿಡಿಯದೆ ಹೂವಿಗೆ ಹಿಡಿಯುತ್ತಿದ್ದ ಮನುಷ್ಯ. ಇಲ್ಲ ಅನ್ನುವುದು ಹೇಗೆ?

ಸಂಜೆ ಹೋಗಿ ನಾಳೆ ಅರಳುವ ಮೊಗ್ಗು ಹುಡುಕಬೇಕು. ಮೂತಿ ಹಳದಿಗೆ ತಿರುಗಿದ್ದರೆ ನಾಳೆಯದು. ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು. ಎರಡಕ್ಕೂ ಕೆಂಪು ದಾರ ಕಟ್ಟಿಬಿಡಬೇಕು. ಜೇನು ಬಂದರೆ ಬಾಗಿಲು ಹಾಕಿರಬೇಕು. ಬೆಳಕು ಹರಿಯುತ್ತಲೇ ಒಂದು ಬಳ್ಳಿಯ ಗಂಡುಹೂ ಕಿತ್ತು, ದಳ ಸುಲಿದು, ಇನ್ನೊಂದು ಬಳ್ಳಿಯ ಹೆಣ್ಣುಹೂ ಬಿಚ್ಚಿ, ನಡುವಿಗೆ ಮೆಲ್ಲಗೆ ಸವರಿ, ಮತ್ತೆ ಕಟ್ಟಿ, ಚೀಟಿ ತೂಗುಹಾಕುವುದು. ಕುಂಬಳಕ್ಕೆ ಹೇಗೋ ಕರ್ಬೂಜಕ್ಕೂ ಹಾಗೇ ಮಾಡಿದೆ. ಹೂ ಚಿಕ್ಕದು, ಅಷ್ಟೇ. ಚಿಮಟವೂ ಬೇಡ, ಗಿಮಟವೂ ಬೇಡ, ಈ ಬೆರಳುಗಳೇ ಸಾಕಾದವು.

"ಇದರಿಂದ ಏನು ಗೊತ್ತಾಗುತ್ತೆ ಸಾರ್?" ಅಂತ ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ. "ಎರಡು ಮನೇಲಿ ಒಲೆ ಹತ್ತಿಲ್ಲ ಅಂತಿಟ್ಕೋ. ಒಂದರಲ್ಲಿ ಸೌದೆ ಇಲ್ಲ, ಇನ್ನೊಂದರಲ್ಲಿ ಬೆಂಕಿಪೊಟ್ಟಣ ಇಲ್ಲ. ಇಬ್ರೂ ಒಂದಾದ್ರೆ ಒಲೆ ಹತ್ತುತ್ತೆ. ಇಬ್ಬರ ಮನೇಲೂ ಬೆಂಕಿಪೊಟ್ಟಣವೇ ಇಲ್ಲದಿದ್ರೆ, ಒಂದಾದ್ರೂ ಒಲೆ ತಣ್ಣಗೇ. ಈ ಎರಡು ಕರ್ಬೂಜಾನೂ ಎಳೇದರಲ್ಲಿ ಹಳದಿ. ಕೂಡಿಸಿದಾಗ ಮಕ್ಕಳು ಹಸಿರಾದ್ರೆ ಎರಡರ ಕೊರತೆ ಬೇರೆ ಬೇರೆ. ಹಳದಿಯಾಗೇ ಬಂದ್ರೆ ಒಂದೇ ಕೊರತೆ." ಅವರು ಎಣಿಸಿದ್ದು ಹದಿನಾಲ್ಕು ಸಸಿ, ಹದಿನಾಲ್ಕೂ ಹಳದಿ. ಒಂದೇ ಕೊರತೆ ಅಂತ ಅಚ್ಚಾಯಿತು.

ಆ ಟಿಪ್ಪಣಿಯ ಕೊನೆಯ ಸಾಲು ನಿನಗೆ ಗೊತ್ತು. ಹೂ ಕಟ್ಟಿದ ನಂಬಿಕೆಯ ಕೈಗಳಿಗೆ ಕೃತಜ್ಞತೆ ಅಂತ ಬರೆದು ಪಕ್ಕದಲ್ಲಿ ನನ್ನ ಹೆಸರು. ಶಾಲೆಯ ಮೆಟ್ಟಿಲು ಹತ್ತದೆ, ಬೀಜದ ಚೀಟಿ ನೋಡಿ ನೋಡಿ ಅಕ್ಷರ ಕಲಿತವಳ ಹೆಸರು! ಅಚ್ಚಿನಲ್ಲಿ ಬಂದದ್ದು ಅದೊಂದೇ ಸಲ. ಮತದಾರರ ಪಟ್ಟಿ ಲೆಕ್ಕಕ್ಕಿಲ್ಲ, ಅದರಲ್ಲಿ ನನ್ನನ್ನು ಗಂಡಸು ಮಾಡಿದ್ದಾರೆ. ಹಾಳೆ ಈಗಲೂ ಕನ್ನಡಿಯ ಹಿಂದೆ ಭದ್ರವಾಗಿದೆ.

ನಿನ್ನ ದೊಡ್ಡಮ್ಮ

೧೫ ಏಪ್ರಿಲ್ ೧೯೯೮

ಪ್ರೀತಿಯ ದೊಡ್ಡಮ್ಮ,

ಕಾಗದ ಬಂತು. ಇಷ್ಟು ಬಿಡಿಸಿ ಪಾಠ ಹೇಳುವವರು ಇಲ್ಲಿ ಯಾರೂ ಇಲ್ಲ. ಸನ್ಮಾನದ ವಿಷಯ ಈಗಲೇ ಏನೂ ಹೇಳಲಾರೆ.

ನಾನೂ ಈಚೆಗೆ ಒಂದು ಕೂಡಿಕೆ ಮಾಡಿದೆ. ನಲವತ್ತು ಸಸಿ ಬಂದವು, ಬರಬೇಕಾದ ಬಣ್ಣದಲ್ಲಿ ಬರಲಿಲ್ಲ. ಜೇನು ನುಗ್ಗಿದೆ, ನಿನ್ನ ಕೈ ಶುದ್ಧವಿಲ್ಲ ಅನ್ನುತ್ತಾರೆ ನಮ್ಮ ವಿಭಾಗದ ಮುಖ್ಯಸ್ಥೆ. ಮತ್ತೆ ಮಾಡಿದೆ. ಮತ್ತೆ ಹಾಗೇ. ನನ್ನನ್ನು ಇಲ್ಲಿ ಮುಂದುವರಿಸಬೇಕೋ ಬೇಡವೋ ಎಂದು ನವೆಂಬರಿನಲ್ಲಿ ತೀರ್ಮಾನಿಸುತ್ತಾರೆ. ಅಷ್ಟರೊಳಗೆ ಕೂಟದವರು ನನ್ನ ಟಿಪ್ಪಣಿಯನ್ನು ಒಪ್ಪಿದರೆ ಉಳಿಯುತ್ತೇನೆ, ಕೈಯೇ ಸರಿಯಿಲ್ಲ ಅಂತಾದರೆ ಪೆಟ್ಟಿಗೆ ಕಟ್ಟಬೇಕು. ನೀನು ತಲೆ ಕೆಡಿಸಿಕೊಳ್ಳಬೇಡ.

ಒಂದೇ ಪ್ರಶ್ನೆ. ಕರ್ಬೂಜದಾಕೆ ಜ್ವರದಿಂದ ಮಲಗುವ ಮೊದಲು ಆ ಹೂವಿನ ಬಗ್ಗೆ ನಿನಗೆ ಏನಾದರೂ ಹೇಳಿದ್ದಳೇ?

ಮೂಗುಬೀಜ

೫ ಮೇ ೧೯೯೮

ಮೂಗುಬೀಜ,

ಅವಳೇನು ಹೇಳುತ್ತಾಳೆ! ಆ ಜ್ವರದಲ್ಲಿ ತನ್ನ ಹೆಸರು ಕೇಳಿದರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಯಾರೂ ಹೇಳಿಕೊಡಲಿಲ್ಲ ಕಣೇ, ಎಲ್ಲ ನಾನೇ. ಸನ್ಮಾನದ ದಿನ ಅದನ್ನೂ ಓದಲಿ.

ನಿನ್ನ ಕೈ ಶುದ್ಧವಿಲ್ಲ ಅಂದವರನ್ನು ಒಂದು ಸಲ ನನ್ನ ಮುಂದೆ ಕೂರಿಸು. ನಾಲ್ಕು ವರ್ಷಕ್ಕೇ ಸೂಜಿಗೆ ದಾರ ಪೋಣಿಸಿದ ಕೈ ಅದು. ನಿನಗೊಂದು ಗುಟ್ಟು ಹೇಳುತ್ತೇನೆ, ಬೆರಕೆ ಎಲ್ಲರಿಗೂ ಬರುತ್ತದೆ. ಆ ಕರ್ಬೂಜದ ಬೀಜ ಮೊಳೆಸಿದ್ದು ನಮ್ಮ ಕುಂಬಳದ ಚಪ್ಪರದಲ್ಲೇ. ಹುಟ್ಟಿದ್ದು ಹದಿನೇಳು. ಹದಿನಾಲ್ಕು ಹಳದಿ, ಮೂರು ಹಚ್ಚಹಸಿರು. ಸಾಲಿಗೆ ಸೇರದ ಸಸಿ ಕಂಡರೆ ಕಿತ್ತು ಸಾಲು ಶುದ್ಧ ಮಾಡುವುದು ಕುಂಬಳದವರ ಪದ್ಧತಿ. ಛತ್ರಿ ಸಾರ್ ಎಣಿಸಲು ಬರುವ ಮೊದಲೇ ಮೂರನ್ನೂ ಕಿತ್ತೆ. ಎರಡು ಕಸಕ್ಕೆ ಹೋದವು. ಒಂದನ್ನು ಎಸೆಯಲು ಮನಸ್ಸು ಬರದೆ ಮನೆಗೆ ತಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟೆ. ನೀನು ಮೂಗಿಗೆ ತುರುಕಿಕೊಂಡದ್ದು ಅದರ ಹಣ್ಣಿನ ಬೀಜವೇ!

ನೀನೂ ಹಾಗೇ ಮಾಡು. ಸಾಲಿಗೆ ಸೇರದ್ದನ್ನು ಮೊದಲು ಕಿತ್ತುಹಾಕು, ಆಮೇಲೆ ಅವರನ್ನು ಎಣಿಸಲು ಕರೆ.

ಛತ್ರಿ ಸಾರ್ ಜಾರಿಬಿದ್ದು ಸೊಂಟ ಹಿಡಿದುಕೊಂಡಿದೆ. ಗುರುವಾರ ಗುರುವಾರ ನೋಡಿಬರುತ್ತೇನೆ. ಸನ್ಮಾನದ ಸುದ್ದಿ ತುಟಿಯವರೆಗೂ ಬರುತ್ತದೆ, ನುಂಗಿಕೊಳ್ಳುತ್ತೇನೆ. ನಿನ್ನ ಕಾಗದ ಓದಿ ನನಗೂ ಆಸೆಯಾಗಿ ಎರಡು ಹಳೇ ಬಕೆಟ್ಟಿನಲ್ಲಿ ಕರ್ಬೂಜ ಹಾಕಿದ್ದೇನೆ. ಅಂಗಡಿಯ ಹಣ್ಣಿನ ಬೀಜ, ಏನು ಬರುತ್ತೋ ನೋಡಬೇಕು.

ದೊಡ್ಡಮ್ಮ

೨೮ ಜೂನ್ ೧೯೯೮

ಮೂಗುಬೀಜ,

ಏಳು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಂಚೆಯವನು ಈಗ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ಹುಷಾರಿಲ್ಲವೇ? ನನ್ನ ಮೇಲೆ ಸಿಟ್ಟೇ? ಯಾರನ್ನಾದರೂ ಮೆಚ್ಚಿದ್ದರೆ ಹೇಳಿಬಿಡು, ನಿನ್ನಮ್ಮನನ್ನು ನಾನು ನೋಡಿಕೊಳ್ಳುತ್ತೇನೆ.

ಬಕೆಟ್ಟಿನಲ್ಲಿ ಹೆಣ್ಣು ಮೊಗ್ಗು ಕಾಣುತ್ತಿದೆ. ನಾಡಿದ್ದು ಅರಳಬಹುದು.

ದೊಡ್ಡಮ್ಮ

೩೦ ಜೂನ್ ೧೯೯೮

ಮಗಳೇ,

ಇವತ್ತು ಬೆಳಿಗ್ಗೆ ಆ ಹೂವಿನ ದಾರ ಬಿಚ್ಚಿದೆ. ಹೊಸ ಕನ್ನಡಕ ಹಾಕಿಕೊಂಡಿದ್ದೆ. ಕೆಳಗೆ ಪುಟ್ಟ ಕಾಯಿ ಇತ್ತು, ಹೆಣ್ಣೇ. ದಳ ಸರಿಸಿದರೆ ನಡುವಿನ ಹಸಿರು ಗುಂಡಿನ ಸುತ್ತ ಮೂರು ಹಳದಿ ಮುದ್ದೆ. ಮುಟ್ಟಿದೆ. ಬೆರಳಿಗೆ ಪುಡಿ ಅಂಟಿತು. ಗಂಡಿನ ಪುಡಿ, ಹೆಣ್ಣುಹೂವಿನೊಳಗೇ.

ಇನ್ನೊಂದು ಬಿಚ್ಚಿದೆ. ಅದರಲ್ಲೂ ಇತ್ತು.

ಬಕೆಟ್ಟಿನ ಪಕ್ಕದಲ್ಲೇ ನೆಲದ ಮೇಲೆ ಕೂತೆ. ನಿನ್ನಮ್ಮ ಬಂದು "ತಲೆ ಸುತ್ತಿತಾ ಅಕ್ಕಾ?" ಅಂದಳು. ತಲೆ ಸುತ್ತಿರಲಿಲ್ಲ, ಇಪ್ಪತ್ತಾರು ವರ್ಷಕ್ಕೆ ನೆಟ್ಟಗಾಗಿತ್ತು. ಕುಂಬಳದ ಹೆಣ್ಣುಹೂವಿನಲ್ಲಿ ಪುಡಿ ಇರುವುದಿಲ್ಲ, ದಾರ ಕಟ್ಟಿದರೆ ಮುಗಿಯಿತು. ಕರ್ಬೂಜದ್ದು ತನ್ನ ಪುಡಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಹಿಂದಿನ ಸಂಜೆಯೇ ಅದನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು, ಬೆರಳಿನಿಂದ ಆಗುವ ಕೆಲಸವಲ್ಲ. ಅವಳ ತುರುಬಿನಲ್ಲಿದ್ದದ್ದು ಶೋಕಿಯಲ್ಲ.

ನಾನು ಹೊರಗಿನ ಜೇನಿಗೆ ಬಾಗಿಲು ಹಾಕಿದೆ, ಒಳಗೇ ಇದ್ದದ್ದನ್ನು ನೋಡಲಿಲ್ಲ. ಆ ಹದಿನಾಲ್ಕು ಇಬ್ಬರ ಮಕ್ಕಳಲ್ಲ, ತಾಯಿಯೊಬ್ಬಳವೇ. ಹಳದಿಯ ಹೊಟ್ಟೆಯಲ್ಲಿ ಹಳದಿ ಹುಟ್ಟದೆ ಏನಾಗುತ್ತದೆ? ಎರಡು ಕಡೆಯಿಂದಲೂ ಹುಟ್ಟಿದ್ದು ಆ ಮೂರು ಮಾತ್ರ. ನಿಜ ಹೇಳಲು ಮೇಲೆ ಬಂದವು. ಕಿತ್ತುಹಾಕಿದೆ.

ನಿನ್ನ ನಲವತ್ತೂ ಹಸಿರು, ಹೌದಲ್ಲವೇ? ಅದೇ ಎರಡು ಕರ್ಬೂಜಗಳು, ಹೌದಲ್ಲವೇ? ಸನ್ಮಾನ ಸನ್ಮಾನ ಅಂತ ಕುಣಿದೆನಲ್ಲ, ನೀನು ಓದುವಾಗ ಏನು ಅನ್ನಿಸಿತೋ. ಮೇಲಿಂದ ನಿನಗೆ ಕೀಳುವ ಬುದ್ಧಿ ಬೇರೆ ಹೇಳಿಕೊಟ್ಟೆ.

ಈ ಕಾಗದವನ್ನು ಪಟ್ಟಿ ಇಡುವಾಕೆಗೆ ತೋರಿಸು. ನಿನ್ನ ಮುಖ್ಯಸ್ಥೆಗೂ ತೋರಿಸು. ಕನ್ನಡಿಯ ಹಿಂದಿನ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ನಂಬಿಕೆಯ ಕೈಗಳು ಅನ್ನುವ ಆ ಸಾಲನ್ನು ತೆಗೆದುಹಾಕಲು ಹೇಳು. ನಿನ್ನ ಕೈಯನ್ನು ಯಾರೂ ಏನೂ ಅನ್ನಬಾರದು.

ದೊಡ್ಡಮ್ಮ

೧ ಜುಲೈ ೧೯೯೮

ಪ್ರೀತಿಯ ದೊಡ್ಡಮ್ಮ,

ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆರೋಗ್ಯವಾಗಿದ್ದೇನೆ. ಕೆಲಸ ಜಾಸ್ತಿ ಇತ್ತು.

ಆ ಟಿಪ್ಪಣಿ ಕಳಿಸುವುದು ಬೇಡ ಅಂತ ತೀರ್ಮಾನಿಸಿದ್ದೇನೆ. ಯೋಚಿಸಿ ನೋಡಿದರೆ ನನ್ನ ಕೈಯದೇ ತಪ್ಪಿರಬೇಕು. ಜೇನು ಎಲ್ಲಿಂದ ಬೇಕಾದರೂ ನುಗ್ಗುತ್ತದೆ. ಮೇಲಾಗಿ ಕೂಟದಲ್ಲಿ ಒಂದು ರೂಢಿಯಿದೆ, ಯಾರ ಹಳೆಯ ಮಾತನ್ನಾದರೂ ಅಲ್ಲಗಳೆಯುವ ಮೊದಲು ಅವರಿಗೇ ಬರೆದು ಕೇಳಬೇಕು. ಕೇಳುವ ಮನಸ್ಸು ನನಗಿಲ್ಲ. ಈ ಕೆಲಸಕ್ಕೆ ನನ್ನನ್ನು ಕಳಿಸಿಕೊಟ್ಟದ್ದೇ ಛತ್ರಿ ಸಾರ್ ಬರೆದ ಶಿಫಾರಸು.

ಆ ಹಾಳೆ ಕನ್ನಡಿಯ ಹಿಂದೆಯೇ ಇರಲಿ. ತೇವ ತಾಗದ ಹಾಗೆ ನೋಡಿಕೋ. ನವೆಂಬರಿನಲ್ಲಿ ಏನಾದರೂ ಆಗಲಿ, ಬೇರೆ ಎಲ್ಲಾದರೂ ಸೌತೆಯ ಕೆಲಸ ಸಿಗುತ್ತದೆ.

ನಿನ್ನ ಮೂಗುಬೀಜ

೨೪ ಜುಲೈ ೧೯೯೮

ಮೂಗುಬೀಜ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ಮೂವತ್ತನೇ ತಾರೀಖಿನದು ಈಗ ನಿನಗೆ ಸಿಕ್ಕಿರುತ್ತದೆ. ಇನ್ನು ಈ ಜೇನಿನ ಕಥೆ ನನ್ನ ಹತ್ತಿರ ಬೇಡ. ಸುಳ್ಳು ಹೇಳುವಾಗ ನೀನು ಚಿಕ್ಕಂದಿನಿಂದಲೂ ಗಿಡ್ಡ ಗಿಡ್ಡ ಮಾತಾಡುತ್ತೀ. ನನ್ನ ಹಾಳೆಯೊಂದು ಉಳಿಯಲಿ ಅಂತ ನಿನ್ನ ಕೈಯನ್ನೇ ಕೆಟ್ಟದ್ದು ಅಂದುಕೊಂಡೆಯಾ? ಓದಿ ಅತ್ತೆ, ಆಮೇಲೆ ಸಿಟ್ಟು ಬಂತು. ನೀನು ಕೇಳದಿದ್ದರೆ ನಾನು ಕೇಳುತ್ತೇನೆ ಅಂತ ಗುರುವಾರ ಛತ್ರಿ ಸಾರ್ ಮನೆಗೆ ಹೋದೆ.

ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಛತ್ರಿ ಈಗ ಊರುಗೋಲು. ಒಳಗೆ ಅವರ ಮಗಳು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು.

"ಸಾರ್, ನಿಮ್ಮ ಹಳದಿ ಕರ್ಬೂಜದ ಟಿಪ್ಪಣಿ ತಪ್ಪು. ಮಾಡಿದ್ದು ನಾನು."

"ಕೂತ್ಕೊಂಡು ಹೇಳೇ. ನಿಂತು ಹೇಳಿದ್ರೆ ತಪ್ಪು ಚಿಕ್ಕದಾಗುತ್ತಾ?"

ಕೂತು ಎಲ್ಲ ಹೇಳಿದೆ. ದಾರ, ಪುಡಿ, ಚಿಮಟ, ಬಕೆಟ್ಟು. ಮೂರು ಹಸಿರಿನ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಎಷ್ಟರಲ್ಲಿ ಮೂರು?"

"ಹದಿನೇಳರಲ್ಲಿ ಸಾರ್."

ಕಣ್ಣು ಮುಚ್ಚಿದರು. ಒಳಗೆ ಯಂತ್ರವೂ ನಿಂತಿತು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂತ ಕುರ್ಚಿಯ ಹತ್ತಿರ ಬಾಗಿದೆ. ನೋಡಿದರೆ ನಗುತ್ತಿದ್ದಾರೆ!

"ಇಪ್ಪತ್ತಾರು ವರ್ಷ ಕಣೇ! ನಾನು ಬರೆದದ್ದು ಅಂತ ಅಷ್ಟು ಜನ ನಂಬ್ಕೊಂಡು ಕೂತ್ರಲ್ಲ. ಮೂಗಿಗೆ ಬೀಜ ಹಾಕ್ಕೊಂಡವಳೇ ಬೇಕಾಯ್ತು ನೋಡು." ಆಮೇಲೆ ನಗು ನಿಲ್ಲಿಸಿ, "ಹೂವಿನೊಳಗಿಂದು ತೆಗೀಬೇಕು ಅಂತ ನಿನಗೆ ಹೇಳಬೇಕಾದವನು ನಾನು, ಹೇಳಲಿಲ್ಲ. ಸಾಲಿಗೆ ಸೇರದ್ದು ಕಂಡ್ರೆ ಕೀಳು ಅಂತ ಹೇಳಿದ್ದೂ ನಾನೇ" ಅಂದರು.

ಎರಡನೆಯದನ್ನು ಅವರು ಹೇಳಿದ್ದು ನನಗೆ ನೆನಪಿಲ್ಲ. ನಿಜವಾಗಿ ಹೇಳಿದ್ದರೋ, ನನ್ನ ಹೊರೆಯಲ್ಲಿ ಅರ್ಧ ತಮ್ಮ ತಲೆಗೆ ಎತ್ತಿಕೊಂಡರೋ ತಿಳಿಯದು. ಕೇಳಲಿಲ್ಲ. ಛತ್ರಿಯನ್ನು ಯಾವಾಗಲೂ ಬೇರೆಯವರ ಮೇಲೇ ಹಿಡಿದವರು.

ಅವರ ಕೈ ನಡುಗುತ್ತದೆ. ಅವರು ಹೇಳಿದರು, ನಾನು ಬರೆದೆ, ಕೆಳಗೆ ಅವರು ರುಜು ಹಾಕಿದರು. ಪಟ್ಟಿ ಇಡುವಾಕೆಗೆ ಬರೆದ ಆ ಕಾಗದ ಇದರೊಳಗಿದೆ. ಅಲ್ಲಿನ ಭಾಷೆಗೆ ನೀನೇ ತಿರುಗಿಸು, ಬೇಕಾದ್ದು ಬಿಡಬೇಡ. ಟಿಪ್ಪಣಿಯಲ್ಲಿ ನಿನ್ನ ಹೆಸರು ಮೊದಲು, ಅವರದು ಆಮೇಲೆ ಇರಬೇಕಂತೆ. "ಅವಳಿಗೆ ನಾನು ಋಣಿ ಅಂತ ಬರಿ" ಅಂದರು, ಬರೆದಿದ್ದೇನೆ. ನಿನಗೆ ಕೊಟ್ಟ ಶಿಫಾರಸು ತಪ್ಪಾಗಲಿಲ್ಲ ಅಂತ ಅವರಿಗೆ ಖುಷಿಯೋ ಖುಷಿ. ನಾನು ಹೊರಡುವಾಗ ಮಗಳು ಬಾಗಿಲವರೆಗೆ ಬಂದು, ಅಪ್ಪ ಬಿದ್ದ ಮೇಲೆ ನಕ್ಕದ್ದು ಇವತ್ತೇ ಅಂದಳು.

ದೊಡ್ಡಮ್ಮ

೧೪ ಡಿಸೆಂಬರ್ ೧೯೯೮

ಪ್ರೀತಿಯ ದೊಡ್ಡಮ್ಮ,

ಪುಸ್ತಕ ಬಂತು, ಒಂದು ಪ್ರತಿ ಇದರ ಜೊತೆಗಿದೆ. ನಲವತ್ತೊಂದನೇ ಪುಟ.

ಛತ್ರಿ ಸಾರ್ ಕಾಗದ ಸೇರಿದ ವಾರದಲ್ಲೇ ಪಟ್ಟಿ ಇಡುವಾಕೆ, ಎರಡೂ ಕರ್ಬೂಜಗಳನ್ನು ಆಗಲೇ ಬೆಳೆಸುತ್ತಿದ್ದ ಮೂರು ಕಡೆಗೆ ಬರೆದರು. ಮರಳುನಾಡಿನಲ್ಲಿ ಒಬ್ಬರಿಗೆ, ಹಿಮ ಬೀಳುವ ಕಡೆ ಗಾಜಿನ ಮನೆಯಿರುವ ಇಬ್ಬರು ಗೆಳತಿಯರಿಗೆ, ದ್ವೀಪವೊಂದರ ಮೇಷ್ಟರಿಗೆ. ಯಾರೂ ನನ್ನನ್ನು ಕಂಡವರಲ್ಲ. ತಮ್ಮ ತಮ್ಮ ಕೆಲಸ ಪಕ್ಕಕ್ಕಿಟ್ಟು ನನ್ನ ಹೂ ಕಟ್ಟಿದರು. ಮೂರೂ ಕಡೆ ಹಸಿರು. ಕಡೆಯ ಎಣಿಕೆ ಬಂದದ್ದು ಅಕ್ಟೋಬರ್ ಕೊನೆಯ ದಿನ. ಮುಖ್ಯಸ್ಥೆ ಅದನ್ನು ಓದಿ ನನ್ನ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಹೋದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ಇನ್ನು ಮೂರು ವರ್ಷ ಇಲ್ಲೇ ಇರುತ್ತೇನೆ.

ಕೂಟದವರು ಹಳೆಯ ಸಾಲನ್ನು ತೆಗೆಯುವುದಿಲ್ಲವಂತೆ. ಒಮ್ಮೆ ಅಚ್ಚಾದದ್ದನ್ನು ಅವರು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸದನ್ನು ಬರೆಯುತ್ತಾರೆ, ಅಷ್ಟೇ. ಆದ್ದರಿಂದ ನಿನ್ನ ಹಾಳೆಯನ್ನು ವಾಪಸು ಕಳಿಸಿದ್ದೇನೆ. ಹೊಸ ಟಿಪ್ಪಣಿಯ ಕೊನೆಯ ಸಾಲನ್ನು ಬರೆದದ್ದು ನಾನಲ್ಲ, ಪಟ್ಟಿ ಇಡುವಾಕೆ. ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ: ಮೂರು ಹಸಿರು ಸಸಿಗಳನ್ನು ಮರೆಯದೆ, ಕೇಳದಿದ್ದರೂ ಹೇಳಿದ್ದಕ್ಕೆ ಕೃತಜ್ಞತೆ. ಪಕ್ಕದಲ್ಲಿ ನಿನ್ನ ಹೆಸರು.

ಏಳು ವಾರ ಸುಮ್ಮನಿದ್ದದ್ದಕ್ಕೆ ಕ್ಷಮಿಸು ದೊಡ್ಡಮ್ಮ. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನೀನು ಅಷ್ಟು ಸುಲಭಕ್ಕೆ ಒಡೆಯುವವಳಲ್ಲ ಅನ್ನುವುದೇ ಮರೆತುಹೋಗಿತ್ತು.

ಲಕೋಟೆಯ ತಳದಲ್ಲಿ ಎರಡು ಪೊಟ್ಟಣ ಬೀಜವಿದೆ, ಒಂದೊಂದರಲ್ಲಿ ಹತ್ತು. ಕೂಟದವರಿಗೆಲ್ಲ ಕೊಟ್ಟಂತೆ ನಿನಗೂ. ಹತ್ತಿಯಲ್ಲಿ ಸುತ್ತಿರುವುದು ಚಿಮಟ. ಜೋಪಾನ, ಮೂತಿ ಚೂಪಾಗಿದೆ.

ನಿನ್ನ ಮೂಗುಬೀಜ

೧೯ ಆಗಸ್ಟ್ ೧೯೯೯

ಮೂಗುಬೀಜಕ್ಕೆ ಆಶೀರ್ವಾದ.

ಎರಡು ಹಾಳೆಗಳೂ ಈಗ ಕನ್ನಡಿಯ ಹಿಂದೆ ಒಟ್ಟಿಗೇ ಇವೆ. ಕನ್ನಡಿ ಸ್ವಲ್ಪ ಮುಂದಕ್ಕೆ ಬಾಗಿ ನಿನ್ನಮ್ಮನಿಗೆ ತನ್ನ ಪಾದ ಮಾತ್ರ ಕಾಣುತ್ತದಂತೆ. ಕಾಣಲಿ ಬಿಡು.

ಚಿಮಟ ತುರುಬಿನಲ್ಲಿದೆ. ಬಿಳಿ ಕೂದಲಿಗೆ ಚೆನ್ನಾಗಿ ಒಪ್ಪುತ್ತದೆ. ಕರ್ಬೂಜದಾಕೆ ಹೋಗಿ ಹತ್ತು ವರ್ಷವಾಯಿತು, ಇದ್ದಿದ್ದರೆ ಅವಳ ಬಾಗಿಲಿಗೆ ಹೋಗಿ ತೋರಿಸಿಬರುತ್ತಿದ್ದೆ. ಪ್ರತಿ ಸಂಜೆ ಅದನ್ನು ಕೈಗೆ ತೆಗೆದುಕೊಂಡಾಗ ಮನಸ್ಸಿನಲ್ಲೇ ಅವಳಿಗೆ ಒಂದು ಮಾತು ಹೇಳುತ್ತೇನೆ.

ನೀನು ಕೊಟ್ಟ ಬೀಜದಲ್ಲಿ ಎರಡೂ ಬಗೆಯವು ಬಂದವು. ಸಂಜೆ ಮೂರು ಮುದ್ದೆಯನ್ನೂ ಕಿತ್ತು, ಬೆಳಿಗ್ಗೆ ಪುಡಿ ಸವರಿ, ಚೀಟಿ ಕಟ್ಟಿದೆ. ಐದು ಹೂ ಕೆಟ್ಟವು, ಒಂದು ನಿಂತಿತು. ಆ ಒಂದು ಹಣ್ಣಿನ ಬೀಜದಲ್ಲಿ ಲೆಕ್ಕ ಮಾಡಿ ಹದಿನೇಳು ಬಿತ್ತಿದೆ.

ಇವತ್ತು ಬೆಳಿಗ್ಗೆ ಛತ್ರಿ ಸಾರ್ ಅವರನ್ನು ಮಗಳು ಗಾಲಿಕುರ್ಚಿಯಲ್ಲಿ ಕರೆತಂದಳು. ಟ್ರೇಯನ್ನು ಅವರ ತೊಡೆಯ ಮೇಲೇ ಇಟ್ಟೆ. ಬಿಸಿಲು ಬರುತ್ತಿತ್ತು, ಅಲುಗುವ ಕೈಯಲ್ಲೇ ಛತ್ರಿ ಬಿಚ್ಚಿ ಸಸಿಗಳ ಮೇಲೆ ಹಿಡಿದರು. ಒಂದೊಂದಾಗಿ ಎಣಿಸಿದರು. ಹದಿನೇಳೂ ಹಸಿರು. ಮತ್ತೆ ಈ ಕಡೆಯಿಂದ ಎಣಿಸಿದರು.

ನಾನು ತುರುಬಿನಿಂದ ಚಿಮಟ ತೆಗೆದು, "ಯಾವುದನ್ನಾದರೂ ಕೀಳಬೇಕಾ ಸಾರ್?" ಅಂದೆ.

"ಮುಟ್ಟಿದ್ರೆ ಜೋಕೆ!" ಅಂದರು.

ದೊಡ್ಡಮ್ಮ